ಅಶ್ವಿತ್ ಕೂರುತ್ತಿದ್ದ ಸೀಟು

ಎರಡು ದಿಂಬುಗಳನ್ನು ಬೆನ್ನಿಗೆ ಕೊಟ್ಟುಕೊಂಡು ಕೂತರೂ ವಿಜೇತಾಳ ಬಲಗಾಲು ಬ್ರೇಕಿಗೆ ಸರಿಯಾಗಿ ಸಿಗುತ್ತಿರಲಿಲ್ಲ. ಬೆರಳು ಮುಟ್ಟುತ್ತಿತ್ತು, ಅಂಗಾಲು ಮುಟ್ಟುತ್ತಿರಲಿಲ್ಲ. ಅವಳು ಸ್ಟಾರ್ಟ್ ಬಟನ್ ಒತ್ತಿದಳು. ಇಂಜಿನ್ ಏಳಲಿಲ್ಲ. ಬ್ರೇಕ್ ಒತ್ತಿ ಎಂಬ ಸೂಚನೆ ಸ್ಟಿಯರಿಂಗಿನ ಹಿಂದೆ ಬೆಳಗಿ ಆರಿತು.

"ಗಟ್ಟಿ ಒತ್ತು ಮಾರಾಯ್ತಿ," ಪಕ್ಕದಲ್ಲಿ ಕೂತಿದ್ದ ಪೆಟ್ರೋನಿಲ್ಲಾ ಬಾಯಿ ಹೇಳಿದರು. "ಅದು ಬ್ರೇಕು. ನಿನ್ನ ಅತ್ತೆಯ ನೋವಿನ ಕಾಲಲ್ಲ, ಮೆಲ್ಲ ಒತ್ತಲಿಕ್ಕೆ."

ವಿಜೇತಾ ಸೀಟಿನಲ್ಲಿ ಜಾರಿ ಕೆಳಗಿಳಿದು, ಕಾಲನ್ನು ಚಾಚಿ, ಉಸಿರು ಹಿಡಿದು ಒತ್ತಿದಳು. ಈ ಸಲ ಇಂಜಿನ್ ಎದ್ದಿತು. ಆದರೆ ಆ ಭಂಗಿಯಲ್ಲಿ ಅವಳಿಗೆ ಎದುರಿನ ಗಾಜಿನ ಬದಲು ಸ್ಟಿಯರಿಂಗಿನ ಮೇಲಂಚು ಮಾತ್ರ ಕಾಣುತ್ತಿತ್ತು.

"ಸೀಟು ಮುಂದೆ ಎಳಿ."

"ಬೇಡ ಬಾಯಿ."

"ಹಾಗಾದರೆ ಕಾಲು ಉದ್ದ ಮಾಡಿಸ್ಕೊಂಡು ಬಾ."

ಶಿರಿಯದ ಹೊಳೆಬದಿಯಲ್ಲಿ ಎರಡು ಮನೆ ಆಚೆಗಿದ್ದ ಪೆಟ್ರೋನಿಲ್ಲಾ ಬಾಯಿ ಬಹಳ ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದವರು. ಅಲ್ಲಿನ ರಸ್ತೆಗಳಲ್ಲಿ ಕಾರು ಓಡಿಸಿ ಪಳಗಿದವರು. ಜೂನಿನಲ್ಲಿ ಬಾಯಾರಿನ ಶಾಲೆಗೆ ಕನ್ನಡ ಟೀಚರಾಗಿ ಸೇರಬೇಕು, ಬಸ್ಸು ಬದಲಿಸಿ ಬದಲಿಸಿ ಹೋದರೆ ಬೆಳಗಿನ ಗಂಟೆಗೆ ಮುಟ್ಟುವುದಿಲ್ಲ, ಕಾರು ಕಲಿಸುತ್ತೀರಾ ಎಂದು ವಿಜೇತಾ ಕೇಳಿದಾಗ ಅವರು ಎರಡನೆಯ ಮಾತಾಡದೆ ಬಂದಿದ್ದರು. ಮೊದಲ ದಿನವೇ ಅವರ ಕಣ್ಣು ದಿಂಬುಗಳ ಮೇಲೆ ಬಿದ್ದಿತ್ತು. ಏನೂ ಹೇಳಿರಲಿಲ್ಲ. ಹೊಸದರಲ್ಲಿ ನೋಯಿಸುವುದು ಬೇಡ ಎಂದಿರಬೇಕು.

ಕಾರು ಅಶ್ವಿತ್ ವಿಜೇತಾಳಿಗೆಂದೇ ತಂದದ್ದು. ಕುಂಬಳೆಯಲ್ಲಿ ದೋಣಿಯ ಇಂಜಿನ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಗೇರು ಬದಲಿಸುವುದೆಂದರೆ ಕೈಗೆ ಸುಖ. ವಿಜೇತಾಳಿಗೆ ಕ್ಲಚ್ಚೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮೈದಾನದಲ್ಲಿ ಕಂಬಗಳ ನಡುವೆ 'ಎಚ್' ಆಕಾರದಲ್ಲಿ ಕಾರು ಓಡಿಸಿ ತೋರಿಸಿ ಲೈಸೆನ್ಸ್ ತೆಗೆದವಳು, ಮರುವಾರವೇ ಬಂದ್ಯೋಡಿನ ಏರಿನಲ್ಲಿ ಬಂಡಿ ಹಿಂದಕ್ಕೆ ಜಾರಿ, ಇಳಿದು, ಕೀಲಿಕೈ ಗಂಡನ ಕೈಗೆ ಕೊಟ್ಟಿದ್ದಳು. ಅದಕ್ಕೇ ಅವನು ಹಳೆಯ ಕಾರು ಮಾರಿ ಇದನ್ನು ತಂದ. "ಇದರಲ್ಲಿ ಎರಡೇ ಪೆಡಲು ನೋಡು. ಒಂದು ಹೋಗಲಿಕ್ಕೆ, ಒಂದು ನಿಲ್ಲಲಿಕ್ಕೆ. ಎರಡಕ್ಕೂ ಬಲಗಾಲೇ. ಎಡಗಾಲಿಗೆ ಪೆನ್ಷನ್," ಎಂದಿದ್ದ. ಅವಳು ನಾಳೆ ಕಲಿಯುತ್ತೇನೆ ಎಂದಳು. ಆ ನಾಳೆಯನ್ನು ಮುಂದಿನ ನಾಳೆಗೆ ತಳ್ಳಿದಳು. ಅವನ ಎಡಕ್ಕೆ ಕೂತು, ಅವನ ಕೈ ನೋಡುತ್ತಾ ಹೋಗುವುದೇ ಅವಳಿಗೆ ಇಷ್ಟವಾಗಿತ್ತು. ಅದನ್ನು ಅವನಿಗೆ ಹೇಳಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವನಿಗೆ ಇಲಿಜ್ವರ ಬಂತು. ಮೈ ಕೆಂಡವಾಗಿದ್ದರೂ ಮಂಗಳೂರಿನ ಆಸ್ಪತ್ರೆಗೆ ಅವನೇ ಕಾರು ಓಡಿಸಿಕೊಂಡು ಹೋದ. ಪಕ್ಕದಲ್ಲಿ ಹೆಂಡತಿ, ಹಿಂದೆ ತಾಯಿ ಸುಂದರಿ. ವಾರ ತುಂಬುವ ಮೊದಲೇ ಮುಗಿದುಹೋಯಿತು. ವಿಜೇತಾ ಆಂಬುಲೆನ್ಸಿನಲ್ಲಿ ಮರಳಿ ಬಂದಳು. ಕಾರನ್ನು ತಂದು ಮನೆಯೆದುರಿನ ಶೆಡ್ಡಿನಲ್ಲಿ ನಿಲ್ಲಿಸಿದವನು ಲತೀಶ, ಅಶ್ವಿತ್‌ನ ಚಿಕ್ಕಮ್ಮನ ಮಗ.

ಎಲ್ಲ ಕ್ರಿಯೆಗಳು ಮುಗಿದ ಮೇಲೆ ಒಂದು ಸಂಜೆ ವಿಜೇತಾ ಕಾರಿನ ಬಾಗಿಲು ತೆರೆದು, ಮೊದಲ ಸಲ ಆ ಸೀಟಿನಲ್ಲಿ ಕೂತಳು. ಕಾಲು ಯಾವುದಕ್ಕೂ ತಾಗಲಿಲ್ಲ. ಅವನು ತೆಂಗಿನ ಸಸಿಯ ಹಾಗೆ ಉದ್ದ, ಅವಳು ಅವನ ಭುಜದಷ್ಟು. ಪೆಡಲಿಗೂ ತನ್ನ ಪಾದಕ್ಕೂ ನಡುವೆ ಉಳಿದ ಆ ಜಾಗ ಅವನದು ಎಂದು ಅವಳಿಗೆ ಅನ್ನಿಸಿತು. ಅವನ ಬಟ್ಟೆಗಳ ವಾಸನೆ ಹೋಗಿತ್ತು. ಫೋನಿನಲ್ಲಿದ್ದ ಅವನ ದನಿಯನ್ನು ಕೇಳುವ ಧೈರ್ಯವಿರಲಿಲ್ಲ. ಇದೊಂದು ಇತ್ತು. ಬ್ಯಾಟರಿ ಸಾಯದಂತೆ ಆಗಾಗ ಇಂಜಿನ್ ಓಡಿಸಲು ನಾಯ್ಮಾರ್ಮೂಲೆಯಿಂದ ಬರುತ್ತಿದ್ದ ಲತೀಶನಿಗೆ, "ಸೀಟು ಮಾತ್ರ ಮುಟ್ಟಬೇಡ, ಕನ್ನಡಿಯನ್ನೂ," ಎಂದಳು. ಅವನು ತಲೆ ತಗ್ಗಿಸಿ, "ಆಯ್ತು ಅತ್ತಿಗೆ," ಎಂದ. ಆಮೇಲೆ ದಿನವೂ ಸಂಜೆ ಅವಳು ಅಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು.

"ಇಲ್ಲಿ ಕೇಳು," ಪೆಟ್ರೋನಿಲ್ಲಾ ಬಾಯಿ ಈಗ ಹೇಳುತ್ತಿದ್ದರು. "ಇದು ಕ್ಲಚ್ಚಿಲ್ಲದ ಕಾರು. ಗೇರಿಗೆ ಹಾಕಿ ಬ್ರೇಕಿಂದ ಕಾಲು ತೆಗೆದರೆ ಸಾಕು, ಆಕ್ಸಿಲರೇಟರ್ ಮುಟ್ಟದಿದ್ದರೂ ತನ್ನಷ್ಟಕ್ಕೆ ಹೋಗ್ತದೆ. ನಿಲ್ಲಿಸುವುದು ನಿನ್ನ ಕಾಲು ಮಾತ್ರ. ಆ ಕಾಲೇ ಸಿಗದಿದ್ದರೆ?"

"ಸಿಗ್ತದೆ ಬಾಯಿ. ದಿಂಬು ಉಂಟಲ್ಲ."

"ದಿಂಬು ಮಲಗಲಿಕ್ಕೆ."

ಅಂಗಳದಿಂದ ಹಿಂದಕ್ಕೆ ತೆಗೆದು ರಸ್ತೆಗೆ ಮುಖ ಮಾಡಬೇಕಿತ್ತು. ವಿಜೇತಾ ಲಿವರನ್ನು ಹಿಂದಿನ ಗೇರಿಗೆ ತಂದಳು. ಕಾರು ಮೆಲ್ಲನೆ ಸರಿಯತೊಡಗಿತು. ಹಿಂದೆ, ಬಿಸಿಲಿಗೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಇಟ್ಟಿತ್ತು. ಸುಂದರಿ ಚಾಪೆಯ ನಡುವೆ ಕಾರಿಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದನ್ನೇ ಮಗುಚುತ್ತಿದ್ದರು. ಕಿವಿ ಸ್ವಲ್ಪ ಮಂದ.

ಹಿಂದೆ ಏನಾದರೂ ಅಡ್ಡ ಬಂದರೆ ಎಚ್ಚರಿಸುವ ಸೆನ್ಸರ್ ಕಾರಿನೊಳಗೆ ಟೀಕ್ ಎಂದಿತು. ಮತ್ತೆ ಟೀಕ್ ಟೀಕ್ ಎಂದಿತು.

"ನಿಲ್ಲಿಸು," ಎಂದರು ಬಾಯಿ.

ವಿಜೇತಾ ಹಿಂದೆ ನೋಡಲೆಂದು ತಿರುಗಿದಳು. ತಿರುಗಿದ ರಭಸಕ್ಕೆ ಬೆನ್ನ ಹಿಂದಿನ ದಿಂಬು ಜಾರಿ ಬಾಗಿಲ ಕಡೆ ಬಿತ್ತು. ಮೈ ಸೀಟಿನ ಆಳಕ್ಕೆ ಹೋಯಿತು. ಕಾಲು ಚಾಚಿದಳು, ಅಲ್ಲಿ ಏನೂ ಇರಲಿಲ್ಲ. ಬರೇ ಗಾಳಿ. ಟೀಕ್ ಟೀಕ್ ಎನ್ನುತ್ತಿದ್ದದ್ದು ಕೂಡಿಕೊಂಡು ಒಂದೇ ಉದ್ದ ಕೂಗಾಯಿತು.

ಪೆಟ್ರೋನಿಲ್ಲಾ ಬಾಯಿ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದರು. ಕಾರು ಮುಗ್ಗರಿಸಿ ನಿಂತಿತು.

ಚಾಪೆಯ ಅರ್ಧ ಚಕ್ರದ ಕೆಳಗಿತ್ತು. ಸುಂದರಿಯ ಬೆನ್ನಿಗೂ ಬಂಪರಿಗೂ ನಡುವೆ ಒಂದು ಮೊಳ ಜಾಗವಿತ್ತು. ಅವರು ಆಗ ತಿರುಗಿ ನೋಡಿದರು. ಮೊದಲು ಚಕ್ರ ನೋಡಿದರು, ಆಮೇಲೆ ಹಪ್ಪಳ ನೋಡಿದರು.

"ಎಂತ ಮಗಾ ಇದು? ಒಣಗಿಸ್ಲಿಕ್ಕೆ ಇಟ್ಟದ್ದು, ಲಟ್ಟಿಸ್ಲಿಕ್ಕೆ ಅಲ್ಲ!"

ಯಾರೂ ನಗಲಿಲ್ಲ. ಬಾಯಿ ಲಿವರನ್ನು 'ಪಿ'ಗೆ ತಳ್ಳಿ, ಇಂಜಿನ್ ಆರಿಸಿದರು. ವಿಜೇತಾಳ ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು. ಅವಳಿಗೆ ಅಳು ಬರಲಿಲ್ಲ. ಹತ್ತು ತಿಂಗಳಿನಿಂದ ಬಂದಿರಲಿಲ್ಲ. ಮೈಯೊಳಗೆ ಎಲ್ಲೋ ಒಂದು ಕಡೆ ಮರಗಟ್ಟಿಕೊಂಡದ್ದು ಹಾಗೆಯೇ ಇತ್ತು.

"ಕೇಳು ವಿಜೇತಾ," ಬಾಯಿಯ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಸೀಟು ಎಳೆಯದಿದ್ದರೆ ನಾನು ಇನ್ನು ಈ ಕಾರಿಗೆ ಹತ್ತುವುದಿಲ್ಲ. ನಿನ್ನನ್ನೂ ಹತ್ತಲಿಕ್ಕೆ ಬಿಡುವುದಿಲ್ಲ. ಬಾಯಾರಿಗೆ ಬಸ್ಸಲ್ಲಿ ಹೋಗು, ತಡವಾದರೆ ಆಗಲಿ. ಆ ಕೆಲಸವನ್ನೇ ಬಿಡು ಬೇಕಾದರೆ. ಶಾಲೆ ಬಿಡುವ ಹೊತ್ತಿಗೆ ರಸ್ತೆ ತುಂಬ ಮಕ್ಕಳಿರ್ತಾರೆ."

"ಅದು ಅವರ ಜಾಗ ಬಾಯಿ," ವಿಜೇತಾ ಹೇಳಿದಳು. "ಒಮ್ಮೆ ಎಳೆದರೆ ಮತ್ತೆ ಎಲ್ಲಿತ್ತು ಅಂತ ನನಗೆ ಸಿಗುವುದಿಲ್ಲ. ಅದೊಂದೇ ಉಳಿದದ್ದು."

ಪೆಟ್ರೋನಿಲ್ಲಾ ಬಾಯಿ ಕಿಟಕಿಯ ಕಡೆ ನೋಡಿದರು.

ಸುಂದರಿ ಬಾಗಿಲ ಬಳಿ ಬಂದು ನಿಂತಿದ್ದರು. ಬೆರಳಿಗೆ ಹಪ್ಪಳದ ಚೂರು ಅಂಟಿತ್ತು.

"ಅದು ಅವನ ಜಾಗ ಅಲ್ಲ ಮಗಾ."

"ಎಂತ ಮಾಮಿ?"

"ಅವನದ್ದು ಇನ್ನೂ ಹಿಂದೆ. ಇದು ಲತೀಶ ಎಳೆದಿಟ್ಟದ್ದು."

ವಿಜೇತಾ ಅತ್ತೆಯ ಮುಖವನ್ನೇ ನೋಡಿದಳು.

"ಆ ದಿನ ನನ್ನನ್ನು ಮುಂಚೆ ಮನೆಗೆ ಕಳಿಸಿದರಲ್ಲ," ಸುಂದರಿ ನಿಧಾನ ಹೇಳಿದರು. "ಅವನಿಗೆ ಜ್ವರ ಕಡಿಮೆ ಉಂಟು, ನೀವು ಹೋಗಿ ಸ್ನಾನ ಮಾಡಿ ಬನ್ನಿ ಅಂತ. ತಾಯಿಗೆ ದಾರಿಯಲ್ಲಿ ಹೇಳುವುದು ಬೇಡ, ಮನೆಗೆ ಮುಟ್ಟಿದ ಮೇಲೆ ಹೇಳುವ ಅಂತ ಎಲ್ಲರೂ ಸೇರಿ ಮಾಡಿದ್ದು. ಊರಲ್ಲಿ ಎಲ್ಲ ಕಡೆ ಹಾಗೆಯೇ ಅಲ್ವಾ. ನಾನು ಯಾವಾಗಿನ ಹಾಗೆ ಹಿಂದೆ ಕೂತೆ. ಲತೀಶ ಮುಂದೆ ಕೂತ."

ಅವರು ಸೆರಗಿನಿಂದ ಬೆರಳು ಒರೆಸಿಕೊಂಡರು.

"ಅವ ಈ ಕಾರು ಎಷ್ಟು ಸಲ ತಕೊಂಡು ಹೋಗಿದ್ದಾನೆ, ನಿನಗೇ ಗೊತ್ತುಂಟು. ಒಂದು ಸಲವೂ ಸೀಟು ಮುಟ್ಟಲಿಲ್ಲ. ಅಣ್ಣ ಬೈತಾನೆ ಅಂತ ತುದಿಯಲ್ಲಿ ಕೂತು ಓಡಿಸ್ತಿದ್ದ, ಕಾವಿಗೆ ಕೂತ ಕೋಳಿಯ ಹಾಗೆ. ಆ ದಿನ ಕೂತವನೇ ಕೆಳಗೆ ಕೈ ಹಾಕಿ ಸೀಟು ಮುಂದೆ ಎಳೆದ. ಕನ್ನಡಿ ತಿರುಗಿಸಿದ. ಅಶ್ವಿತ್ ಎದ್ದು ಬಂದು ಓಡಿಸುವವನಾದರೆ ಇವ ಅದನ್ನು ಮುಟ್ತಿದ್ದನಾ? ನನಗೆ ಆಸ್ಪತ್ರೆಯ ಗೇಟು ದಾಟುವ ಮೊದಲೇ ಗೊತ್ತಾಯ್ತು."

"ಮಾಮಿ..."

"ದಾರಿ ಇಡೀ ಕೇಳಲಿಲ್ಲ. ಪಾಪ, ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಯಾಕೆ ಅವನ ಬಾಯಲ್ಲಿ ಹೇಳಿಸುವುದು."

ಹೊಳೆಯ ಕಡೆಯಿಂದ ದೋಣಿಯ ಇಂಜಿನ್ನಿನ ಸದ್ದು ಬಂದು ದೂರವಾಯಿತು. ವಿಜೇತಾ ತನ್ನ ಕಾಲ ಕಡೆ ನೋಡಿದಳು. ಇಷ್ಟೆಲ್ಲ ಸಂಜೆಗಳಲ್ಲಿ ಅವಳು ಕಾದುಕೊಂಡು ಕೂತದ್ದು ಲತೀಶನ ಅಳತೆಯನ್ನು. ಅವನು ಅಂದು ತಲೆ ತಗ್ಗಿಸಿದ್ದು ಯಾಕೆಂದು ಈಗ ತಿಳಿಯಿತು. ನಗು ಬರಬೇಕಿತ್ತೋ ಏನೋ. ಬರಲಿಲ್ಲ.

"ಯಾಕೆ ಹೇಳಲಿಲ್ಲ ನೀವು?"

"ನೀನು ಅದನ್ನು ಹಿಡ್ಕೊಂಡು ನಿಂತಿದ್ದೆ. ಅದನ್ನೂ ಕಿತ್ಕೊಳ್ಳುವುದಾ? ಇವತ್ತು ನನ್ನ ಹಪ್ಪಳದ ಮೇಲೆ ಬಂತು, ಅದಕ್ಕೆ ಹೇಳಿದ್ದು."

"ಅವರದ್ದು ಎಷ್ಟು ಹಿಂದೆ ಮಾಮಿ?"

ಸುಂದರಿ ಹಿಂದಿನ ಬಾಗಿಲು ತೆರೆದು, ವಿಜೇತಾಳ ಬೆನ್ನ ಹಿಂದೆಯೇ ಕೂತರು. ಪೆಟ್ರೋನಿಲ್ಲಾ ಬಾಯಿ, "ಆ ಹಪ್ಪಳ ಸ್ವಲ್ಪ ಹೆಕ್ಕಿ ಇಡ್ತೇನೆ, ಕಾಗೆ ಬರ್ತದೆ," ಎಂದು ಯಾರನ್ನೂ ನೋಡದೆ ಇಳಿದು ಹೋದರು.

"ಹಿಂದೆ ತಳ್ಳು," ಎಂದರು ಸುಂದರಿ.

ವಿಜೇತಾ ಸೀಟಿನ ಅಡಿಯ ಸರಳನ್ನು ಎತ್ತಿ ಕಾಲಿನಿಂದ ನೆಲ ಒತ್ತಿದಳು. ಸೀಟು ಹಿಂದೆ ಸರಿದು ಕಟ್ ಎಂದು ಕೂತಿತು.

"ಇನ್ನೂ."

ಮತ್ತೊಮ್ಮೆ ಕಟ್ ಎಂದಿತು.

"ಇನ್ನೂ ಸ್ವಲ್ಪ. ಅವ ಓಡಿಸುವಾಗ ನನ್ನ ಮೊಣಕಾಲು ಸೀಟಿಗೆ ಒತ್ತಿಕೊಂಡೇ ಇರ್ತಿತ್ತು. ಅಮ್ಮ ಆಚೆ ಬದಿ ಕೂರಿ ಅಂತ ಹೇಳ್ತಿದ್ದ. ನಾನು ಕೂರ್ತಿರಲಿಲ್ಲ. ಹಾಂ. ನಿಲ್ಲು. ಇದು."

ಪೆಡಲುಗಳು ಎಲ್ಲೋ ದೂರದಲ್ಲಿದ್ದವು. ಇಷ್ಟು ಉದ್ದದ ಮನುಷ್ಯ ತನ್ನ ಪಕ್ಕದಲ್ಲಿ ಇಷ್ಟು ವರ್ಷ ಮಡಚಿಕೊಂಡು ಮಲಗುತ್ತಿದ್ದನಲ್ಲ ಎಂದು ವಿಜೇತಾಳಿಗೆ ನೆನಪಾಯಿತು. ಸೀಟಿನ ಬೆನ್ನಿನ ಮೂಲಕ ಅತ್ತೆಯ ಮೊಣಕಾಲುಗಳು ಅವಳ ಬೆನ್ನಿಗೆ ಸಣ್ಣಗೆ ತಿಳಿಯುತ್ತಿದ್ದವು. ಅವನ ಬೆನ್ನಿಗೂ ಹೀಗೆಯೇ ತಿಳಿದಿರಬೇಕು. ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಲು ಕೈ ಎತ್ತಲಿಲ್ಲ. ಹಿಂದಿನಿಂದ ಸುಂದರಿ ಮೂಗು ಎಳೆದುಕೊಂಡದ್ದು ಕೇಳಿಸಿತು.

ಎಷ್ಟೋ ಹೊತ್ತಿನ ಮೇಲೆ ಸುಂದರಿಯೇ ಅಂದರು: "ಸಾಕು ಮಗಾ. ಮುಂದೆ ಹೋಗು. ನನಗೆ ಕಾಲು ನೋಯ್ತದೆ."

ವಿಜೇತಾ ಸರಳು ಎತ್ತಿ ಮುಂದೆ ಬಂದಳು. ಲತೀಶನ ಜಾಗವನ್ನೂ ದಾಟಿ ಬಂದಳು. ದಿಂಬುಗಳನ್ನು ತೆಗೆದು ಹೊರಗೆ ಜಗಲಿಗೆ ಎಸೆದಳು.

ಬಾಯಿ ಮರಳಿ ಬಂದು ಕೂತು, ಏನೂ ಆಗದವರ ಹಾಗೆ ಶುರುಮಾಡಿದರು. "ಬ್ರೇಕು ಪೂರ್ತಿ ಒತ್ತು. ಒತ್ತಿದರೂ ಮಂಡಿ ಸ್ವಲ್ಪ ಬಗ್ಗಿಯೇ ಇರಬೇಕು. ಇನ್ನೊಂದು ಕಟ್ ಮುಂದೆ. ಹಾಂ. ಬೆನ್ನು ಸೀಟಿಗೆ ತಾಗಲಿ. ಕೈ ನೀಡು, ಮಣಿಕಟ್ಟು ಸ್ಟಿಯರಿಂಗಿನ ಮೇಲೆ ಬರಬೇಕು. ತೀರ ಅಪ್ಪಿಕೊಳ್ಳಬೇಡ, ಏರ್‌ಬ್ಯಾಗ್ ಉಂಟು ಅದರಲ್ಲಿ. ಈಗ ಕನ್ನಡಿ."

ವಿಜೇತಾ ಕನ್ನಡಿಗೆ ಕೈ ಹಾಕಿ ಒಂದು ಕ್ಷಣ ತಡೆದಳು. ಆಮೇಲೆ ತಿರುಗಿಸಿದಳು. ಹಿಂದಿನ ಗಾಜು, ಅದರಾಚೆ ಅಂಗಳ, ಮುರಿದ ಹಪ್ಪಳದ ಚಾಪೆ ಎಲ್ಲ ಕಂಡವು. ಬ್ರೇಕ್ ಒತ್ತಿ ಬಟನ್ ಒತ್ತಿದಳು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಜೊತೆಗೇ ಟಣ್ ಟಣ್ ಎಂದು ಸದ್ದು ಬಂತು.

"ಇನ್ನು ಯಾರನ್ನು ಬೈಯುವುದು ಇದು?" ಎಂದರು ಸುಂದರಿ.

"ನಿಮ್ಮನ್ನು," ಬಾಯಿ ಹೇಳಿದರು. "ಇಳಿಯುವುದಿಲ್ಲವಾದರೆ ಬೆಲ್ಟ್ ಹಾಕಿ. ಹಿಂದೆ ಕೂತವರಿಗೆ ಪ್ರತ್ಯೇಕ ಜೀವ ಉಂಟಾ?"

"ನಾನು ಯಾಕೆ ಇಳಿಯುವುದು? ಹಿಂದೆ ಒಣಗಲಿಕ್ಕೆ ಕೂತರೆ ಇನ್ನೊಮ್ಮೆ ಬಂದು ಹಾಯಿಸ್ತಾಳೆ ಇವಳು."

ಸುಂದರಿ ಬೆಲ್ಟ್ ಸಿಕ್ಕಿಸಲು ತಡವರಿಸಿದರು. ಬಾಯಿ ಹಿಂದಕ್ಕೆ ಬಾಗಿ ಸಿಕ್ಕಿಸಿಕೊಟ್ಟರು. ಸದ್ದು ನಿಂತಿತು. ವಿಜೇತಾ ಹ್ಯಾಂಡ್‌ಬ್ರೇಕ್ ಇಳಿಸಿ, ಹಿಂದಕ್ಕೆ ತೆಗೆದು, ಪೂರ್ತಿ ನಿಲ್ಲಿಸಿ, ಲಿವರನ್ನು 'ಡಿ'ಗೆ ತಂದು, ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ಕಾರು ಯಾರೂ ದೂಡದೆ, ಯಾರೂ ಎಳೆಯದೆ ಹೊರಟಿತು.

ಈ ಓಣಿಯನ್ನು ಅವಳು ಎಡಬದಿಯಿಂದ ಮಾತ್ರ ನೋಡಿದ್ದಳು. ಬಲಬದಿಯಿಂದ ಅದು ಬೇರೆಯೇ ಆಗಿತ್ತು. ಗೋಡೆ ಹತ್ತಿರವಿತ್ತು, ಹೊಳೆ ಮೊದಲೇ ಕಾಣುತ್ತಿತ್ತು, ತಿರುವಿನಲ್ಲಿ ತೆಂಗುಗಳ ನಡುವೆ ಹೆದ್ದಾರಿಯ ಸೇತುವೆ ಥಟ್ಟನೆ ಎದ್ದು ನಿಂತಿತು. ಅವನು ದಿನವೂ ನೋಡುತ್ತಿದ್ದದ್ದು ಇದನ್ನು. ಇದಕ್ಕಿಂತ ಸ್ವಲ್ಪ ಎತ್ತರದಿಂದ, ಸ್ವಲ್ಪ ಹಿಂದಿನಿಂದ.

ಓಣಿಯ ಬಾಯಲ್ಲಿ ಅವಳು ಬ್ರೇಕ್ ಒತ್ತಿದಳು. ಅಂಗಾಲು ಪೂರ್ತಿ ಕೂತಿತು. ಕಾರು ನಿಂತಿತು. ಸರ್ವಿಸ್ ರಸ್ತೆಯಲ್ಲಿ ಒಂದು ಲಾರಿ ಬರುತ್ತಿತ್ತು.

"ಇಂಡಿಕೇಟರ್," ಎಂದರು ಬಾಯಿ. "ನೀನು ಎಲ್ಲಿಗೆ ಅಂತ ಲಾರಿಯವನಿಗೆ ಕನಸು ಬೀಳ್ತದಾ?"

ವಿಜೇತಾ ಇಂಡಿಕೇಟರ್ ಹಾಕಿ, ಲಾರಿ ದಾಟಿ ಹೋಗಲೆಂದು ಕಾದಳು.