ವಾಪಸು ಕೊಟ್ಟ ಎಲೆ

ಮೂಳೆ ಮುರಿದ ಸದ್ದು ಮೊದಲು ಕೇಳಿಸಿತು. ನೋವು ಆಮೇಲೆ ಬಂತು.

ಸೂಳಗಿರಿ ಬಸ್ ನಿಲ್ದಾಣದಲ್ಲಿ, ಹಾಡುಹಗಲಲ್ಲೇ, ಮುನೀಂದ್ರ ಸರಿತಾಳ ಎಡಗೈಯನ್ನು ಬೈಕಿನ ಸೀಟಿಗೆ ಒತ್ತಿ ಹಿಡಿದು ಬೆರಳಿಗೆ ಉಂಗುರ ತಿರುಪುತ್ತಿದ್ದ. ಅವನ ಅಕ್ಕನ ಅಳತೆಗೆ ಮಾಡಿಸಿದ ನಿಶ್ಚಿತಾರ್ಥದ ಉಂಗುರ ಅದು. ಮೊದಲಿನಿಂದಲೂ ಬಿಗಿ. ಶಿಫ್ಟ್ ಮುಗಿಯುವ ಹೊತ್ತಿಗೆ ಅವಳ ಬೆರಳುಗಳು ಊದಿಕೊಂಡಿರುತ್ತಿದ್ದವು. ಗೆಣ್ಣಿನ ಮೇಲೆ ಚರ್ಮ ಸುಲಿದು ಸುರುಳಿಯಾಯಿತು.

"ಯಾರ್ಗೆ ತೋರ್ಸಕ್ಕೆ ಬಿಚ್ಚಿಟ್ಕಂಡಿದ್ದೆ? ಹೇಳೇ!"

"ಮಿಷಿನ್ ಹತ್ರ ಹಾಕಂಗಿಲ್ಲ ಕಣ್ರೀ... ಅಯ್ಯೋ, ಬಿಡ್ರೀ..."

ಟಕ್ ಎಂದಿತು.

ಹೂವಿನಂಗಡಿಯ ಹೆಂಗಸೊಬ್ಬಳು ಎದ್ದು ಬಂದಿದ್ದಳು. ಬೆರಳಲ್ಲಿ ಉಂಗುರ ಕಂಡದ್ದೇ, ಮನೆಯವರ ಜಗಳ ಎಂದುಕೊಂಡು ಹಿಂದಕ್ಕೆ ಹೋಗಿ ಕುಳಿತಳು.

ಕಾರ್ಖಾನೆಯ ಗೇಟಿನಲ್ಲಿ ದಿನವೂ ಸೆಕ್ಯುರಿಟಿಯವನು, "ಮೋದಿರಂ ಕಳಟ್ಟುಮ್ಮಾ" ಎಂದು ತಮಿಳಿನಲ್ಲಿ ಹೇಳಿ ಉಂಗುರ ತೆಗೆಸುತ್ತಿದ್ದ. ಸರಿತಾ ಅದನ್ನು ಪಿನ್ನಿಗೆ ಪೋಣಿಸಿ ರವಿಕೆಯ ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹೊಸದಾಗಿ ಮದುವೆಯಾಗಿದ್ದ ಸೌಮ್ಯ ಒಂದು ದಿನ ಉಂಗುರದ ಮೇಲೆ ಬಟ್ಟೆ ಸುತ್ತಿಕೊಂಡು ಒಳಗೆ ಬಂದಿದ್ದಳು. ಪ್ರೆಸ್ ಮಿಷಿನ್ ಅವಳ ಬಟ್ಟೆ ಹಿಡಿಯಿತು, ಉಂಗುರ ಹಿಡಿಯಿತು. ತಗಡಿನ ಚೂರುಗಳ ನಡುವೆ ಬಿದ್ದ ಬೆರಳಿನಲ್ಲಿ ಉಂಗುರ ಹಾಗೇ ಇತ್ತು. ಪಕ್ಕದ ಮಿಷಿನ್ನಿನಲ್ಲಿದ್ದ ಸರಿತಾ ಅದನ್ನು ಕೈಯಾರೆ ಎತ್ತಿದ್ದಳು. ಬಿಸಿಯಾಗಿತ್ತು.

ಇದನ್ನೆಲ್ಲ ಹೇಳಿದಾಗ ಮುನೀಂದ್ರ ನಕ್ಕಿದ್ದ. "ಅವ್ಳ ಗಂಡ ಪುಣ್ಯವಂತ ಬಿಡು. ಬೆಳ್ಳು ಹೋದ್ರೂ ಉಂಗ್ರ ಬಿಚ್ಲಿಲ್ಲ."

ಹೊಸೂರಿನ ಆಸ್ಪತ್ರೆಯಲ್ಲಿ ಸಣ್ಣ ಗರಗಸದಿಂದ ಉಂಗುರ ಕತ್ತರಿಸಿ, ಬೆರಳಿಗೆ ಪಟ್ಟಿ ಕಟ್ಟಿ ಕಳಿಸಿದರು. ಮನೆಯಲ್ಲಿ ಅಮ್ಮ ಶ್ಯಾಮಲಮ್ಮ, "ಮದ್ವೆ ಹೊತ್ಗೆ ಕೂಡ್ಕಂತದೆ ಬಿಡು" ಎಂದಳು. ಹಾಗೆನ್ನುವಾಗ ಅವಳ ಕೈ ತನ್ನ ಹರಿದ ಕಿವಿಯ ಮೇಲಿತ್ತು. ಹಸುವಿನ ಕೊಂಬು ಸಿಕ್ಕಿ ಓಲೆ ಸಮೇತ ಹರಿದದ್ದು ಎಂದೇ ಸರಿತಾ ಕೇಳುತ್ತಾ ಬೆಳೆದಿದ್ದಳು. "ಹಸು ಹರ್ದಿದ್ ಕಿವಿ ಕೂಡ್ಕಂತೇನಮ್ಮಾ?" ಎಂದಳು.

"ಯಾವ್ ಹಸುವೇ?" ಎಂದಳು ಮೂಲೆಯಲ್ಲಿದ್ದ ಅಜ್ಜಿ ಅಂಜಿನಮ್ಮ. "ನನ್ ಮಗ ಕಿತ್ತಿದ್ದು. ಸತ್ತೋದ, ಇನ್ನೂ ಅವ್ನ ಮಾನ ಕಾಯ್ತಾವ್ಳೆ."

ಅಮ್ಮ ಸೆರಗೆಳೆದು ಕಿವಿ ಮುಚ್ಚಿಕೊಂಡಳು. ಸರಿತಾಳಿಗೆ ಬೆರಳಿಗಿಂತ ಹೆಚ್ಚಾಗಿ ಕಿವಿ ಉರಿಯತೊಡಗಿತು.

"ನಮ್ ಕಾಲ್ದಾಗೆ ಉಂಗ್ರ ಎಲ್ಲಿತ್ತು?" ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. "ಎಲೆ ಅಡಿಕೆ ಬದ್ಲಾಯ್ಸಿದ್ರೆ ಒಪ್ಕಂಡಂಗೆ. ಎಲೆ ವಾಪಸ್ ಕೊಟ್ರೆ ಮುರುದಂಗೆ. ಈ ಉಂಗ್ರ ಬಂದಿದ್ದು ಮದ್ವೆ ಮಹಲ್ನಾಗೆ ಫೋಟೋ ತೆಗ್ಸೋಕೆ. ಎಲೆ ಯಾರ್ ಬೆಳ್ಳನ್ನೂ ಮುರಿಯಾಕಿಲ್ಲ."

ಭಾನುವಾರ ತನ್ನೂರು ಬೇರಿಕೆಯಿಂದ ಮುನೀಂದ್ರ ಅಪ್ಪನ ಜೊತೆ ಬಂದ. ಅಪ್ಪ ಗೋಪಾಲಪ್ಪ ಚಾಪೆಯ ಮೇಲೆ ಕೂರುತ್ತಲೇ, "ಒಪ್ಪಿತದ ಉಂಗ್ರ ಕತ್ತರ್ಸ್ಬುಟ್ರಂತಲ್ಲ ತಂಗಿ, ಅಪಶಕುನ ಅಲ್ವಾ? ಹೋಗ್ಲಿ, ಬೇರೆ ತಂದಿದೀವಿ" ಎಂದ.

ಅಮ್ಮ ಅವರಿಗಾಗಿ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಮುನೀಂದ್ರ ಡಬ್ಬಿ ತೆರೆದ. "ಎಡ್ಗೈಗೆ ಆಗ್ದಿದ್ರೆ ಏನಾಯ್ತು? ಬಲ್ಗೈ ಐತಲ್ಲ. ಕೊಡು."

"ಬ್ಯಾಡ," ಎಂದಳು ಸರಿತಾ.

ಕೆನ್ನೆಗೆ ಬಿದ್ದ ಏಟಿಗೆ ಅವಳ ಪಟ್ಟಿಯ ಕೈ ಗೋಡೆಗೆ ಬಡಿಯಿತು. ಕಣ್ಣು ಕತ್ತಲಾಯಿತು. ಬೆಳಕು ಬಂದಾಗ ಅವನು ಅವಳ ಬಲಗೈಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ಒತ್ತಿದ ಅವನ ಕೈಯಲ್ಲಿ, ನಿಶ್ಚಿತಾರ್ಥದ ದಿನ ಸರಿತಾಳ ಮನೆಯವರು ಅವನಿಗೆ ಹಾಕಿದ್ದ ಉಂಗುರ ಹೊಳೆಯುತ್ತಿತ್ತು.

ಆ ಬೆರಳಿನ ಮೇಲೆ ಅಡಕತ್ತರಿ ಬಂದು ಕೂತಿತು.

ಅಮ್ಮ ಒತ್ತಿದಳು. ಉಂಗುರದ ಹಿಂದೆ, ಬೆರಳಿನ ಬುಡದಲ್ಲಿ ಕೆಂಪು ಗೆರೆಯೊಂದು ಮೂಡಿ ತುಂಬಿಕೊಂಡಿತು. ಮುನೀಂದ್ರ ಕಿರುಚಿದ. ಗೋಪಾಲಪ್ಪ ಏಳಹೋದ.

"ಅಲ್ಲೇ ಕುಂತ್ಕಳ್ಳಿ ಅಣ್ಣಾ. ನೀವ್ ಎದ್ರೆ ನನ್ ಕೈ ನಡುಗ್ತದೆ."

ಗೋಪಾಲಪ್ಪ ಕುಳಿತ. ಅಂಜಿನಮ್ಮ ತೆವಳುತ್ತಾ ಬಂದು ಮುನೀಂದ್ರನ ಮುಂದೆ ಒಂದು ಎಲೆ ಹಾಸಿದಳು. "ನಮ್ ಉಂಗ್ರ ಇದ್ರ ಮ್ಯಾಕೆ ಇಕ್ಕಲಾ."

"ಬತ್ತಿಲ್ಲ ಅಜ್ಜಿ... ಬಿಗಿ ಐತೆ..."

ಸರಿತಾ ಬಾಯಲ್ಲಿದ್ದ ರಕ್ತ ಉಗಿದಳು. "ಬಿಚ್ಬ್ಯಾಡ ಬಿಡು. ಬೆಳ್ಳು ಹೋದ್ರೂ ಉಂಗ್ರ ಬಿಚ್ಲಿಲ್ಲ ಅಂದ್ರೆ ನಾನೂ ಪುಣ್ಯವಂತೆ ಅಲ್ವಾ?"

ಅವನು ಅವಳ ಮುಖ ನೋಡಿದ. ಅವಳು ನಗುತ್ತಿರಲಿಲ್ಲ.

ಅಮ್ಮ ಅಡಕತ್ತರಿಯನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಮುನೀಂದ್ರ ಎಂಜಲು ಹಚ್ಚಿ ತಿರುಪಿದ, ಎಳೆದ. ಗೆಣ್ಣಿನ ಚರ್ಮ ಸುಲಿಯಿತು. ಉಂಗುರ ರಕ್ತದ ಜೊತೆ ಎಲೆಯ ಮೇಲೆ ಬಿತ್ತು. ಅಜ್ಜಿ ಇನ್ನೊಂದು ಎಲೆಯಲ್ಲಿ ಅಡಿಕೆಯನ್ನೂ ಆಸ್ಪತ್ರೆಯಲ್ಲಿ ಕತ್ತರಿಸಿದ್ದ ಅವರ ಉಂಗುರವನ್ನೂ ಇಟ್ಟು ಗೋಪಾಲಪ್ಪನ ಕಡೆ ತಳ್ಳಿದಳು.

"ಎಲೆ ವಾಪಸ್ ಕೊಟ್ಟಿದೀವಿ. ಎದ್ದೋಗಿ."

ಬೈಕಿನ ಸದ್ದು ದೂರವಾಯಿತು. ಅಮ್ಮ ಅಡಕತ್ತರಿ ಹಿಡಿದುಕೊಂಡೇ ಕುಳಿತಿದ್ದಳು. ಬಿಡು ಎಂದರೂ ಕೈ ಬಿಡಲಾಗುತ್ತಿರಲಿಲ್ಲ. ಸರಿತಾ ಹತ್ತಿರ ಕುಳಿತು, ತನ್ನ ಬಲಗೈಯಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.