ಮೂಲೆಯ ಮೀನು

ನನ್ನ ಕಸುಬು ಕನ್ನಡಕ ಮಾಡಿಕೊಡುವುದು. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಕೇಳಿ ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಕಣ್ಣು ಕೊಡುತ್ತಿದ್ದೇನೆ. ಅಕ್ವೇರಿಯಂ ಅಂಗಡಿಗೆ ಕಾಲಿಟ್ಟರೆ ಮಾತ್ರ ನಾನೇ ಕುರುಡ.

ಒಳ್ಳೆಯ ಮೀನನ್ನು ಗುರುತಿಸುವುದು ಗೊತ್ತಿಲ್ಲವೆಂದಲ್ಲ. ಕಣ್ಣು ತಿಳಿಯಾಗಿರಬೇಕು, ರೆಕ್ಕೆ ಬಿಚ್ಚಿರಬೇಕು, ಏದುಸಿರು ಬಿಡುತ್ತಿರಬಾರದು, ಎಲ್ಲಕ್ಕಿಂತ ಮೊದಲು ಹಾಕಿದ್ದನ್ನು ನಮ್ಮ ಕಣ್ಣೆದುರಿಗೇ ತಿನ್ನಬೇಕು. ಎಲ್ಲ ಬಾಯಿಪಾಠ. ಆದರೆ ಮುಂದೆ ಬಂದು ಕುಣಿಯುವ ಮೀನುಗಳನ್ನೆಲ್ಲ ಬಿಟ್ಟು, ಮೂಲೆಯಲ್ಲಿ ರೆಕ್ಕೆ ಮುದುರಿಕೊಂಡು ನಿಂತ ಒಂದರ ಮೇಲೆ ನನ್ನ ಕಣ್ಣು ಬೀಳುತ್ತದೆ. ಅಯ್ಯೋ ಪಾಪ ಅನ್ನಿಸುತ್ತದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

"ಸಾರ್, ಅದು ನಾಲ್ಕು ದಿನದಿಂದ ಏನೂ ಮುಟ್ಟಿಲ್ಲ. ಬೇಡ," ಎಂದು ಅಂಗಡಿಯವನೇ ಅಂಗಲಾಚುತ್ತಾನೆ. ಮಾರುವವನು ಬೇಡವೆಂದು, ಕೊಳ್ಳುವವನು ಬೇಕೆಂದು ಹಟ ಹಿಡಿಯುವ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬೇಕು. ಹೀಗೆ ತಂದ ಮೂರು ಮೀನುಗಳು ವಾರದೊಳಗೆ ಕೈಕೊಟ್ಟವು.

ನಮ್ಮ ಮನೆಯ ಉಪ್ಪುನೀರಿನ ಪುಟ್ಟ ತೊಟ್ಟಿಯಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ: ಕಿತ್ತಳೆ ಮೈಗೆ ಬಿಳಿ ಪಟ್ಟಿಯ, ಏಳು ವರ್ಷದ ಹೆಣ್ಣು ಮೀನು. ಅದನ್ನು ಆರಿಸಿದವಳು ನನ್ನ ಹೆಂಡತಿ; ಅದಕ್ಕೆ 'ಯಜಮಾನಿ' ಎಂದು ಹೆಸರಿಟ್ಟವಳೂ ಅವಳೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂತು, ನನಗೆ ಹೇಳದ್ದನ್ನೆಲ್ಲ ಅದಕ್ಕೆ ಹೇಳುತ್ತಾಳೆ. ಅದು ನನ್ನ ಹಾಗೆ ಮಧ್ಯೆ ಬಾಯಿ ಹಾಕುವುದಿಲ್ಲ.

ಮೂರನೆಯದು ಸತ್ತ ಮೇಲೆ ಅವಳು ಕಾನೂನು ಮಾಡಿದಳು. ಹೊಸದು ಯಾವುದೇ ಬರಲಿ, ಒಂದು ತಿಂಗಳು ಬಾತ್‌ರೂಮಿನ ಬಕೆಟ್‌ನಲ್ಲಿ ಬೇರೆಯಾಗಿರಬೇಕು. ರೋಗವಿಲ್ಲವೆಂದು ಖಾತ್ರಿಯಾದ ಮೇಲೆಯೇ ಯಜಮಾನಿಯ ನೀರಿಗೆ ಪ್ರವೇಶ.

ಅವಳು ಅಕ್ಕನ ಮನೆಗೆ ಹೋಗಿದ್ದಾಗ ನಾನು ನಾಲ್ಕನೆಯದನ್ನು ತಂದೆ. ಹಳದಿ ಮರಿ, ಮೂಲೆಯದೇ. ಬಕೆಟ್‌ಗೆ ಬಿಟ್ಟು ಒಂದು ಗಂಟೆ ನೋಡಿದೆ. ಜೈಲಿಗೆ ಹಾಕಿದಂತೆ ಕಂಡಿತು. ಎತ್ತಿ ತೊಟ್ಟಿಗೇ ಬಿಟ್ಟುಬಿಟ್ಟೆ. ಹೆಂಡತಿ ಬಂದು ಕೇಳಿದಾಗ, "ಅಂಗಡಿಯವನೇ ಒಂದು ತಿಂಗಳು ಬೇರೆ ಇಟ್ಟಿದ್ದನಂತೆ," ಎಂದು ಹಸಿ ಸುಳ್ಳು ಹೇಳಿದೆ.

ಹತ್ತು ದಿನಕ್ಕೆ ಯಜಮಾನಿಯ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದವು. ತಿನ್ನುವುದನ್ನು ಬಿಟ್ಟು ಅದೂ ಮೂಲೆ ಸೇರಿತು. ಹೆಂಡತಿ ಚಮಚ ಹಿಡಿದು ನಿಂತೇ ಇದ್ದಳು.

"ಮೊನ್ನೆ ಪಾತ್ರೆ ತೊಳೆದ ಕೈನೇ ನೀರಿಗೆ ಹಾಕಿದ್ನಲ್ಲ, ಸೋಪು ತಾಗಿರ್ಬೇಕು. ಇದು ಸತ್ರೆ ನಾನೇ ಕೊಂದ ಹಾಗೆ ರೀ," ಎಂದಳು.

ಎಂಥ ಅವಕಾಶ! ಎರಡು ದಿನ ಅದನ್ನು ಚೆನ್ನಾಗಿಯೇ ಬಳಸಿಕೊಂಡೆ. "ಹೋಗ್ಲಿ ಬಿಡು, ಬೇಕೂಂತ ಮಾಡಿದ್ದಲ್ಲವಲ್ಲ," ಎಂದು ಕ್ಷಮಿಸುವ ದೊಡ್ಡ ಮನುಷ್ಯನೂ ಆದೆ. ಮೂರನೆಯ ದಿನ ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ನಾಚಿಕೆಯಿಂದ ಕುಗ್ಗಿಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂಗಡಿಯವನನ್ನು ಕೇಳಿ, ಎರಡೂ ಮೀನುಗಳನ್ನು ಬೇರೆ ಟಬ್ಬಿಗೆ ಹಾಕಿ ಔಷಧಿ ಶುರು ಮಾಡಿದಳು. ಆಮೇಲೆ ನನ್ನ ದಿಂಬನ್ನು ತಂದು ಹಾಲ್‌ನ ಸೋಫಾ ಮೇಲಿಟ್ಟಳು.

"ನೀವೂ ಒಂದು ತಿಂಗಳು ಬೇರೆ ಇರಿ. ಸುಳ್ಳಿನ ರೋಗ ವಾಸಿಯಾಗುತ್ತಾ ನೋಡೋಣ."

ಹಾಲ್‌ನಲ್ಲಿ ರೆಕ್ಕೆ ಮುದುರಿಕೊಂಡು ಮಲಗಿದೆ. ಹಾಕಿದ್ದನ್ನು ಅವಳ ಕಣ್ಣೆದುರಿಗೇ ತಿಂದೆ. ಇಷ್ಟಕ್ಕೆಲ್ಲ ಕಾರಣವಾದ ಹಳದಿ ಮರಿ ಮೂರನೇ ದಿನದಿಂದಲೇ ಟಬ್ಬಿನಲ್ಲಿ ಗಬಗಬ ತಿನ್ನುತ್ತಿತ್ತು. ಯಜಮಾನಿ ಮಾತ್ರ ಕಾಳಿನತ್ತ ತಿರುಗಿಯೂ ನೋಡಲಿಲ್ಲ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಯಜಮಾನಿ ಮೇಲೆ ಬಂದು ಚಮಚದಿಂದ ಒಂದು ಕಾಳು ಕಿತ್ತುಕೊಂಡಿತು. ಹೆಂಡತಿ ಗಳಗಳನೆ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿಬಂತು. ಇದೇ ಸಮಯವೆಂದು ಮೆಲ್ಲಗೆ ಕೇಳಿದೆ.

"ಹಾಗಾದ್ರೆ ನನ್ನ ಬಿಡುಗಡೆ?"

"ಇನ್ನೂ ಹನ್ನೊಂದು ದಿನ ಇದೆ."

"ನನ್ನ ನೋಡಿದ್ರೆ ಪಾಪ ಅನ್ಸಲ್ವಾ?"

ಅವಳು ಮುಂಗೈಯಿಂದ ಮೂಗು ಒರೆಸಿಕೊಂಡಳು. "ಅಕ್ಕನ ಮದುವೇಲಿ ನೀವು ತಟ್ಟೆ ಹಿಡ್ಕೊಂಡು, ಏನೂ ತಿನ್ನದೆ ಮೂಲೇಲಿ ನಿಂತಿದ್ರಿ. ಮನೆಯವರೆಲ್ಲ ಈ ಗಂಡು ಬೇಡ ಅಂದ್ರು. ಅವತ್ತೇ ಪಾಪ ಅನ್ನಿಸಿದ್ದು." ಚಮಚವನ್ನು ಮತ್ತೆ ನೀರಿಗೆ ಇಳಿಸಿದಳು. "ಒಂದು ದಿನಾನೂ ಬಕೆಟ್‌ನಲ್ಲಿಡದೆ ಸೀದಾ ಒಳಗೆ ಬಿಟ್ಕೊಂಡೆ."