ಮಾಸ್ತರರ ಪುಸ್ತಕದಿಂದ ನಾನು ತೆಗೆದ ಸಾಲು

ಅರ್ಚನಾ ಹನ್ನೆರಡನೆಯ ಹೆಜ್ಜೆಗೆ ನಿಂತುಬಿಟ್ಟಳು. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಕೆಳಗೆ ಗೋಕಾಕ ಫಾಲ್ಸ್‌ನ ನೀರು ಮೊರೆಯುತ್ತಿತ್ತು.

ಸತ್ತೆಪ್ಪ ಮಾಸ್ತರರ ಸ್ಮಾರಕ ಬಳಗಕ್ಕೆ ನಾನೇ ಕಾರ್ಯದರ್ಶಿ. ಇಲ್ಲಿಯ ಗುಡ್ಡಗಳನ್ನೆಲ್ಲ ಸುತ್ತಿ ದಾರಿ ತೋರಿಸುವ ಪುಸ್ತಕ ಬರೆದವರು ಅವರು. ಅವರ ಪುಣ್ಯತಿಥಿಯ ದಿನ ಅದನ್ನು ಹಿಡಿದು ನಡೆಯುತ್ತೇವೆ. ಹೊಸದಾಗಿ ಸೇರಿದವರು ಎಲ್ಲರಿಗಿಂತ ಮುಂದೆ, ಗಟ್ಟಿಯಾಗಿ ಓದುತ್ತ ಹೋಗಬೇಕು. ಈ ಸಲ ಮಸಗುಪ್ಪಿಯ ಶಾಲೆಯ ಟೀಚರ್ ಅರ್ಚನಾ. ‘ಹಾದಿ ಒಂದೂವರೆ ಮೊಳ ಅಗಲ. ನಲವತ್ತು ಹೆಜ್ಜೆ’ ಎಂದು ಓದಿಯೇ ಹೊರಟಿದ್ದಳು.

“ಈಶ್ವರ ಕಾಕಾ, ಕಾಲು ನಡಗಾಕತ್ತಾವ್ರಿ. ಹಿಂದೂ ಬರಾಕ ಆಗವಲ್ದು.”

“ಧೈರ್ಯ ಮಾಡವಾ! ಮಾಸ್ತರು ಇಲ್ಲೇ ಆರಾಮ ದಾಟ್ಯಾರ,” ಎಂದು ನನ್ನ ಬೆನ್ನ ಹಿಂದಿನಿಂದ ನೇಮಣ್ಣ ಕೂಗಿದ. ಯಮಕನಮರಡಿಯಲ್ಲಿ ಅಂಗಡಿ ಇಟ್ಟವನು, ಬಾಯಿ ದೊಡ್ಡದು.

“ಬಾಯಿ ಮುಚ್ಚೋ!” ಎಂದೆ. ಸಿಟ್ಟು ಬಂದದ್ದು ಅವನ ಮೇಲಲ್ಲ. ಆರಾಮ ದಾಟಿದ್ದರಂತೆ! ಖರೆ ಏನೆಂದು ನನಗೊಬ್ಬನಿಗೇ ಗೊತ್ತಿತ್ತು.

ಮಾಸ್ತರರ ಕೈಬರಹದಲ್ಲಿ ‘ನಲವತ್ತು ಹೆಜ್ಜೆ’ಯ ಮುಂದಿನ ಸಾಲು ಹೀಗಿತ್ತು: ‘ಇಲ್ಲಿ ನನಗೆ ಬಹಳ ಅಂಜಿಕೆಯಾಯಿತು. ಕುಂಡಿ ಊರಿ ಸರಿಯುತ್ತ ದಾಟಿದೆ, ನೀವೂ ಹಾಗೇ ದಾಟಿರಿ.’ ಅವರು ತೀರಿಕೊಂಡ ಮೇಲೆ ಅಚ್ಚಿಗೆ ಕೊಡುವಾಗ ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದವನು ನಾನು. ಅಂಥ ದೊಡ್ಡ ಮನುಷ್ಯನನ್ನು ನೋಡಿ ಜನ ನಗಬಾರದು ಎಂದು ನನ್ನ ಶಾಣ್ಯಾತನ. ಯಾರನ್ನೂ ಕೇಳಲಿಲ್ಲ. ಒಂಬತ್ತು ವರ್ಷ ನಾನೂ ಹಲ್ಲು ಕಚ್ಚಿ ನಿಂತೇ ದಾಟಿದೆ.

ಅರ್ಚನಾ ಬಲಕ್ಕೆ ವಾಲಿದಳು.

“ಕೂಡವಾ! ಬಂಡೆ ಹಿಡಕೊಂಡು ಸಾವಕಾಶ ಕೂಡು. ಕೂತ ಸರಕೋತ ಹೋಗು. ಮಾಸ್ತರೂ ಹಂಗ ದಾಟ್ಯಾರ!”

“ಸುಳ್ಳ ಹೇಳಬ್ಯಾಡ್ರಿ ಕಾಕಾ! ಪುಸ್ತಕದಾಗ ಹಂಗ ಇಲ್ಲ. ಬಗ್ಗಿದ್ರ ಬೀಳ್ತೇನಿ ನಾ!”

ಅಯ್ಯೋ ಶಿವನೇ. ನಾನು ತಿದ್ದಿದ ಪುಸ್ತಕವನ್ನು ಆ ಹುಡುಗಿ ನನಗಿಂತ ಹೆಚ್ಚು ನಂಬಿದ್ದಳು.

“ಇತ್ತವಾ, ಅದರಾಗ ಇತ್ತು. ನಾನ ತಗದೇನಿ.”

ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ನಾನು ಮಣ್ಣಿಗೆ ಕೂತೆ. ಕಣ್ಣು ಅವಳ ಚಪ್ಪಲಿಯ ಮೇಲೆ ನೆಟ್ಟು ಒಂದೊಂದೇ ಗೇಣು ಸರಿದೆ. ಕೈ ಬೆವತು ಬಂಡೆ ಜಾರುತ್ತಿತ್ತು. ಹತ್ತಿರ ಹೋಗಿ ಅವಳ ಹಿಮ್ಮಡಿ ಮುಟ್ಟಿದೆ. “ಇಲ್ಲೇ ಅದೇನಿ. ಕೂಡು.”

ಬೆನ್ನನ್ನು ಬಂಡೆಗೆ ಒತ್ತಿ, ಅಳುತ್ತಲೇ ಕೂತಳು. ಸರಿದಳು. ನಾನೂ ಸರಿದೆ. ಹಾದಿಯ ಆಚೆ ತುದಿ ಮುಟ್ಟಿದಾಗ ಇಬ್ಬರಿಗೂ ಏಳಲು ಆಗಲಿಲ್ಲ.

ತಿರುಗಿ ನೋಡಿದೆ. ನೇಮಣ್ಣ ಕೂತು ಸರಿಯುತ್ತಿದ್ದ. ಅವನ ಹಿಂದೆ ಜಿನ್ನವ್ವ, ಹಣಮಂತ, ಬಳಗದ ಏಳೂ ಜನ ಸಾಲಾಗಿ ಕೂತೇ ಬರುತ್ತಿದ್ದರು. ಒಬ್ಬರೂ ನಿಂತಿರಲಿಲ್ಲ.

ಅವರಲ್ಲಿ ಮೊದಲು ದಾಟಿದ ನೇಮಣ್ಣ ನನ್ನ ಕಾಲರ್ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು.

“ಒಂಬತ್ತು ವರ್ಷ, ಈಶ್ವರ! ಇಲ್ಲಿಗೆ ಬರೋ ಹಿಂದಿನ ದಿನ ನನಗ ಊಟ ಸೇರ್ತಿರಲಿಲ್ಲೋ!”